ಡ್ರಿಲ್ ಮುಂದಕ್ಕೆ ತಿರುಗಿದರೆ ದೋಣಿ ಹಿಂದಕ್ಕೆ, ಉಲ್ಟಾ ತಿರುಗಿಸಿದರೆ ಚಕ್ (ಬಿಟ್ ಕಚ್ಚುವ ಡ್ರಿಲ್ಲಿನ ಬಾಯಿ) ಸಡಿಲ. ಏನು ಮಾಡಲಿ?

ರೆಡಿಂಗ್_ದೋಣಿ:
ಇಂಗ್ಲೆಂಡಿನ ಥೇಮ್ಸ್ ನದಿ ದಡದ ಬೀಲ್ ಪಾರ್ಕ್ ದೋಣಿ ಮೇಳದಲ್ಲಿ ನಡೆಯುತ್ತಿದ್ದ ಕಾರ್ಡ್‌ಲೆಸ್ ಕನೂ ಚಾಲೆಂಜ್ (ಬ್ಯಾಟರಿ ಡ್ರಿಲ್ಲಿನಿಂದ ದೋಣಿ ಓಡಿಸುವ ಪಂದ್ಯ) ಮಾದರಿಯಲ್ಲೇ ನಾವು ನಾಲ್ಕು ಜನ ಇಲ್ಲೊಂದು ಕೆರೆಯಲ್ಲಿ 400 ಮೀಟರ್ ಪಂದ್ಯ ಇಟ್ಟುಕೊಂಡಿದ್ದೇವೆ. ದೋಣಿ ಮನೆಯಲ್ಲೇ ಕಟ್ಟಿರಬೇಕು, ಡ್ರಿಲ್ ಬಿಚ್ಚಿ ಒಳಗೆ ಕೈ ಹಾಕುವಂತಿಲ್ಲ, ಇಷ್ಟೇ ನಿಯಮ.

ದೋಣಿ 4 ಮಿ.ಮೀ. ಪ್ಲೈವುಡ್‌ನದು, ನೀರಿನ ಮಟ್ಟದಲ್ಲಿ ಉದ್ದ 3.6 ಮೀ. ಡ್ರಿಲ್ 18 ವೋಲ್ಟ್, ಬ್ರಶ್ ಇರುವ ಮಾದರಿ. ಖಾಲಿ ತಿರುಗುವಾಗ ನಿಮಿಷಕ್ಕೆ 1ನೇ ಗೇರಿನಲ್ಲಿ 500, 2ನೇ ಗೇರಿನಲ್ಲಿ 1,800 ಸುತ್ತು. ಚಕ್ಕಿಗೆ 12 ಮಿ.ಮೀ. ಸ್ಟೀಲ್ ಸರಳು, 1.4 ಮೀ. ಉದ್ದ, ಎರಡು ತುದಿಗೂ ಬುಷ್ (ಸರಳನ್ನು ಹಿಡಿದು ತಿರುಗಲು ಬಿಡುವ ಬಳೆ). ಪ್ರೊಪೆಲ್ಲರ್ 9 ಇಂಚು ವ್ಯಾಸ, 6 ಇಂಚು ಪಿಚ್ (ಜಾರದೆ ತಿರುಗಿದರೆ ಒಂದು ಸುತ್ತಿಗೆ ಸಾಗುವ ದೂರ). 2ನೇ ಗೇರಿನಲ್ಲಿ ಉಲ್ಟಾ ಓಡಿಸಿದಾಗ ದೋಣಿ ಮುಂದೆ ಹೋಗುತ್ತದೆ, ಆದರೆ ಎರಡು ನಿಮಿಷಕ್ಕೊಮ್ಮೆ ಚಕ್ ಬಿಗಿ ಮಾಡಬೇಕು. ಸುಟ್ಟ ವಾಸನೆ ಬೇರೆ. 5 ಆಂಪಿಯರ್-ಅವರ್ ಬ್ಯಾಟರಿ 9 ನಿಮಿಷಕ್ಕೆ ಖಾಲಿ. ಡ್ರಿಲ್ಲೇ ಬದಲಿಸಬೇಕಾ?

ಲೇತ್_ಶೆಡ್:
ಡ್ರಿಲ್ ಸರಿಯಾಗೇ ಇದೆ, ಪ್ರೊಪೆಲ್ಲರ್ ಬಲಸುತ್ತಿನದು. ಅದನ್ನು ಮೇಜಿನ ಮೇಲೆ ರೊಟ್ಟಿ ಹಾಗೆ ಮಲಗಿಸಿ, ನಿಮ್ಮ ಕಡೆ ಚಾಚಿದ ರೆಕ್ಕೆ ನೋಡಿ. ಬಲ ಅಂಚು ಎತ್ತರದಲ್ಲಿದ್ದರೆ ಬಲಸುತ್ತು, ಅಂದರೆ ಮಾಮೂಲಿ ಸ್ಕ್ರೂ ಸುರುಳಿಯಂತೆ. ಡ್ರಿಲ್ ಮುಂದಕ್ಕೆ ತಿರುಗಿದಾಗ ಸ್ಕ್ರೂ ಡ್ರಿಲ್ಲಿನಿಂದ ದೂರ ಸರಿಯುತ್ತದಲ್ಲ, ಈ ಪ್ರೊಪೆಲ್ಲರೂ ಹಾಗೇ ದೂರ ಓಡಲು ನೋಡುತ್ತದೆ. ನಿಮ್ಮ ಡ್ರಿಲ್ ದೋಣಿಯಲ್ಲಿ, ಪ್ರೊಪೆಲ್ಲರ್ ಹಿಂದೆ. ಹಾಗಾಗಿ ದೋಣಿ ಹಿಂದಕ್ಕೆ.

ಉಲ್ಟಾ ಓಡಿಸುವುದು ಮದ್ದಲ್ಲ. ಕೀಲಿ ಇಲ್ಲದ ಚಕ್ ಆ ದಿಕ್ಕಿನ ಭಾರಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಎಡಸುತ್ತಿನ ಪ್ರೊಪೆಲ್ಲರ್ ಹಾಕಿ, ಡ್ರಿಲ್ ಮುಂದಕ್ಕೇ ಓಡಲಿ. ಆಗ ನೀರಿನ ಒತ್ತಡ ಸರಳನ್ನು ಚಕ್ಕಿನೊಳಕ್ಕೆ ತಳ್ಳುತ್ತದೆ. ಗೋಡೆ ಕೊರೆಯುವಾಗ ಬೀಳುವ ಒತ್ತಡವೂ ಅದೇ ದಿಕ್ಕಿನದು, ಡ್ರಿಲ್ ಅದಕ್ಕೆಂದೇ ಮಾಡಿದ್ದು. ಸರಳಿನ ತುದಿಗೆ 120 ಡಿಗ್ರಿ ಅಂತರದಲ್ಲಿ ಮೂರು ಕಡೆ 1 ಮಿ.ಮೀ. ಆಳ ಅರ ಹೊಡೆದು ಚಪ್ಪಟೆ ಮಾಡಿ, ಚಕ್ಕಿನ ಮೂರೂ ದವಡೆ ಅಲ್ಲಿ ಕೂರಲಿ. ಬಿಗಿತ ಹೊಂದಿಸುವ ಕ್ಲಚ್ ಉಂಗುರ ಡ್ರಿಲ್ ಚಿಹ್ನೆಯ ಮೇಲಿರಲಿ.

ಇರುವ ಪ್ರೊಪೆಲ್ಲರೇ ಬೇಕೆಂದರೆ ನಡುವೆ ಒಂದು ಜೊತೆ ಹಲ್ಲುಚಕ್ರ: ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 2, 20 ಮತ್ತು 26 ಹಲ್ಲು, ಕೇಂದ್ರಗಳ ಅಂತರ 46 ಮಿ.ಮೀ. ದಿಕ್ಕೂ ತಿರುಗುತ್ತದೆ, ವೇಗವೂ ಇಳಿಯುತ್ತದೆ. ಆದರೆ ತಳ್ಳುವ ಭಾರ ಆಗ ಎರಡನೇ ಶಾಫ್ಟಿನ ಮೇಲೆ. ಅದಕ್ಕೆ ಆ ಭಾರ ಹೊರುವ 51101 ನಂಬರಿನ ಥ್ರಸ್ಟ್ ಬೇರಿಂಗ್ ಹಾಕದಿದ್ದರೆ ಚಕ್ರದ ಪಕ್ಕ ಸವೆದು ಹೋಗುತ್ತದೆ.

ಹಿನ್ನೀರು:
ವಾಸನೆಯ ಕಾರಣ ನಿಮ್ಮ ಲೆಕ್ಕದಲ್ಲೇ ಇದೆ. 5 ಆಂಪಿಯರ್-ಅವರ್ 9 ನಿಮಿಷಕ್ಕೆ ಖಾಲಿ ಅಂದರೆ ಸರಾಸರಿ 33 ಆಂಪಿಯರ್, ಸುಮಾರು 600 ವ್ಯಾಟ್. ಬ್ರಶ್ ಮೋಟರಿಗೆ ಇದು ಕ್ಷಣ ಹೊತ್ತಿನ ಭಾರ, ಓಟದ ಭಾರವಲ್ಲ.

3.6 ಮೀ. ದೋಣಿ ತನ್ನದೇ ಅಲೆಯನ್ನು ಹತ್ತಲಾಗದೆ ಗಂಟೆಗೆ 8.5 ಕಿ.ಮೀ. ಹತ್ತಿರ ಏದುಸಿರು ಬಿಡುತ್ತದೆ. ಒಡಲು ತೀರಾ ಕಿರಿದಾಗಿದ್ದರೆ ಸ್ವಲ್ಪ ಮೀರಬಹುದು, ಅಷ್ಟೆ. ನಿಮ್ಮ 6 ಇಂಚು ಪಿಚ್ 1,800 ಸುತ್ತಿಗೆ ಕೇಳುವುದು 16 ಕಿ.ಮೀ.ಗೂ ಮೇಲೆ. ದೋಣಿ ಬರುವುದಿಲ್ಲ, ಮೋಟರು ಜಗ್ಗುತ್ತದೆ, ಜಗ್ಗಿದಷ್ಟೂ ಕರೆಂಟ್ ಎಳೆಯುತ್ತದೆ. 1ನೇ ಗೇರಿಗೆ ಹಾಕಿದರೆ 500 ಸುತ್ತಿಗೆ ನಾಲ್ಕೂವರೆ ಕಿ.ಮೀ. ಕೂಡ ದಾಟದು. ಲೇತ್_ಶೆಡ್ ಹೇಳಿದ 20:26 ಹಾಕಿದರೆ, 2ನೇ ಗೇರು ಭಾರಕ್ಕೆ 1,400ಕ್ಕೆ ಇಳಿದರೂ ಪ್ರೊಪೆಲ್ಲರಿಗೆ 1,080 ಸಿಗುತ್ತದೆ. ಪ್ರೊಪೆಲ್ಲರ್ ನೀರಿನಲ್ಲಿ ಜಾರಿ ಹೋಗುವ ಕಾಲು ಭಾಗ ಕಳೆದರೆ ಗಂಟೆಗೆ 7.4 ಕಿ.ಮೀ.

ನನ್ನ ಮತ ಮಾತ್ರ ದೊಡ್ಡ, ನಿಧಾನದ ಪ್ರೊಪೆಲ್ಲರಿಗೆ. 1ನೇ ಗೇರು ಭಾರದಲ್ಲಿ 400 ಸುತ್ತು ಎಂದಿಟ್ಟುಕೊಳ್ಳಿ: 14 ಇಂಚು ವ್ಯಾಸ, 16 ಇಂಚು ಪಿಚ್, ಎರಡು ರೆಕ್ಕೆ. ವೇಗ ಅಷ್ಟೇ ಬರುತ್ತದೆ, ಹಲ್ಲುಚಕ್ರದ ರಗಳೆ ಇಲ್ಲ. 3 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲೇ ಮಾಡಬಹುದು. ಬುಡದಲ್ಲಿ 6 ಸೆಂ.ಮೀ., ತುದಿಯಲ್ಲಿ 4 ಸೆಂ.ಮೀ. ಅಗಲ ಕತ್ತರಿಸಿ, ವೈಸ್‌ಗೆ ಕಚ್ಚಿಸಿ ತಿರುಚಿ. ಕೇಂದ್ರದಿಂದ 5 ಸೆಂ.ಮೀ.ಗೆ 52 ಡಿಗ್ರಿ, 12.5ಕ್ಕೆ 27, ತುದಿಗೆ 20. ಅಳೆಯುವುದು ಪ್ರೊಪೆಲ್ಲರ್ ಸುತ್ತುವ ಸಮತಲದಿಂದ. ಎಡ ಅಂಚು ಎತ್ತರ ಬರಬೇಕು, ಮೊದಲ ರೆಕ್ಕೆಯಲ್ಲೇ ಎಲ್ಲರೂ ತಪ್ಪುವುದು ಇಲ್ಲಿ. ಮಾದರಿ ವಿಮಾನದ ಪ್ರೊಪೆಲ್ಲರ್ ಕೊಳ್ಳುವುದಾದರೆ ಮಾಮೂಲಿಯದು ಬಲಸುತ್ತು, 'ಪುಶರ್' ಎಂದಿರುವುದು ಎಡಸುತ್ತು. ಜೊಂಡಿಗೆ ಸಿಕ್ಕರೆ ಆ ಪ್ಲಾಸ್ಟಿಕ್ ಕಡ್ಡಿ ಮುರಿದಂತೆ ಮುರಿಯುತ್ತದೆ.

ರೆಡಿಂಗ್_ದೋಣಿ:
ಅಲ್ಯೂಮಿನಿಯಂ ದಾರಿಯೇ ಹಿಡಿಯುತ್ತೇನೆ. ಇನ್ನೊಂದು: ಪೂರ್ತಿ ವೇಗದಲ್ಲಿ ಪೈಪಿನೊಳಗೆ ಸರಳು ಟಕಟಕ ಬಡಿಯುತ್ತದೆ. ಸರಳು ಸೊಟ್ಟಗಿದೆಯಾ?

ಲೇತ್_ಶೆಡ್:
ನೆಟ್ಟಗಿದ್ದರೂ ಬಡಿಯುತ್ತದೆ. 12 ಮಿ.ಮೀ. ಸರಳನ್ನು 1.4 ಮೀ.ಗೆ ಎರಡೇ ಕಡೆ ಹಿಡಿದರೆ ಸುಮಾರು 730 ಸುತ್ತಿಗೇ ಹಗ್ಗದಾಟದ ಹಗ್ಗದಂತೆ ಉಬ್ಬುತ್ತದೆ. ನಡುವೆ ಒಂದು ಬುಷ್ ಕೂರಿಸಿದರೆ ಆ ಮಿತಿ ನಾಲ್ಕು ಪಟ್ಟು ಏರುತ್ತದೆ. 400 ಸುತ್ತಿನಲ್ಲಿ ಅದೂ ಬೇಡ ಅನ್ನಿಸಬಹುದು, ಖಾಲಿ ತಿರುಗುವಾಗಿನ ವೇಗ ನೆನಪಿಟ್ಟು ಹಾಕಿಬಿಡಿ. ಬುಷ್ ನೈಲಾನ್ ಬೇಡ, ನೀರು ಕುಡಿದು ಊದಿ ಸರಳು ಕಚ್ಚುತ್ತದೆ. ಅಷ್ಟಾಗಿ ನೀರು ಹೀರದ ಡೆಲ್ರಿನ್ ಪ್ಲಾಸ್ಟಿಕ್ ತನ್ನಿ, 0.2 ಮಿ.ಮೀ. ಸಡಿಲ ಬಿಡಿ.

ಎಪಾಕ್ಸಿ_ಅಂಟು:
ಟ್ರಿಗರಿಗೆ ಕೇಬಲ್ ಟೈ ಬಿಗಿದಿದ್ದರೆ ಇವತ್ತೇ ಕತ್ತರಿಸಿ. ನೀವು ನೀರಿಗೆ ಬಿದ್ದರೆ ತಿರುಗುವ ಅಲ್ಯೂಮಿನಿಯಂ ರೆಕ್ಕೆ ನಿಮ್ಮ ಪಕ್ಕದಲ್ಲೇ ಇರುತ್ತದೆ. ಸೈಕಲ್ ಬ್ರೇಕ್ ಲಿವರ್, ಕೇಬಲ್ ಸಾಕು: ಹಿಡಿದರೆ ಟ್ರಿಗರ್ ಒತ್ತುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಒತ್ತುವುದಾದರೆ ಪೂರ್ತಿ ಒತ್ತಿ. ಅರ್ಧ ಟ್ರಿಗರಿನಲ್ಲಿ ಒಳಗಿನ ಫ್ಯಾನೂ ನಿಧಾನ, ಬಿಸಿ ಹೊರಗೆ ಹೋಗುವುದಿಲ್ಲ. ಇದೇ ಕಾರಣಕ್ಕೆ ಡ್ರಿಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಬೇಡಿ. ಮೇಲೆ ಅರ್ಧ ಸೀಳಿದ ಕ್ಯಾನ್ ಮುಚ್ಚಿ, ಎರಡೂ ಬದಿ ತೆರೆದಿರಲಿ.

14 ಇಂಚಿನ ಪ್ರೊಪೆಲ್ಲರಿಗೆ ಕೇಂದ್ರ ನೀರಿನಿಂದ 25 ಸೆಂ.ಮೀ. ಕೆಳಗಾದರೂ ಇರಬೇಕು, ಇಲ್ಲದಿದ್ದರೆ ಗಾಳಿ ಎಳೆದು ಗುಳುಗುಳು ಅನ್ನುತ್ತದೆ, ದೋಣಿ ಕದಲುವುದಿಲ್ಲ. ಲೈಫ್ ಜಾಕೆಟ್ ಹಾಕಿ. ಮುಂದೆ ಥೇಮ್ಸ್‌ಗೇ ಇಳಿಸುವುದಾದರೆ ಮೊದಲು ಆ ನದಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್ವಿರಾನ್‌ಮೆಂಟ್ ಏಜೆನ್ಸಿಯಲ್ಲಿ ದೋಣಿ ನೋಂದಣಿ ಆಗಬೇಕು.