ಬೈಕಿಗೆ ಮ್ಯಾಪ್ ಎಲ್ಲಿ ಕಟ್ಟುವುದು: ಪುಟ್ಟನಿಗೆ ಮಾವನ ವಾಯ್ಸ್ ಮೆಸೇಜು

ಪುಟ್ಟಾ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಅದಕ್ಕೇ ಮಾತಾಡಿಯೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಬೈಕು ಬೇಡದವರು ಇದನ್ನು ದಾಟಿಕೊಂಡು ಅಕ್ಕ ಹಾಕಿರುವ ಹಪ್ಪಳದ ಫೋಟೊಗೆ ಹೋಗಿ, ನನಗೇನೂ ಬೇಜಾರಿಲ್ಲ.

ಬೆಳಿಗ್ಗೆ ನೀನು ಮನೆಯವರ ಗ್ರೂಪಿನಲ್ಲಿ ಮೂರು ಫೋಟೊ ಹಾಕಿದ್ದೆ. ಒಂದು ಕನ್ನಡಿಯ ಕಂಬಿಗೆ ಸಿಕ್ಕಿಸುವ ಹೋಲ್ಡರ್. ಒಂದು ಹ್ಯಾಂಡಲ್‌ಗೆ ಕಟ್ಟುವ ಪ್ಲಾಸ್ಟಿಕ್ ಪೌಚು. ಇನ್ನೊಂದು ಟ್ಯಾಂಕ್ ಮೇಲೆ ಕೂರುವ ಬ್ಯಾಗು, ಅದರ ನೆತ್ತಿಯ ಮೇಲೆ ಫೋನ್ ಇಡುವ ಕಿಟಕಿ. ಮುಂದಿನ ತಿಂಗಳು ಹೊಸ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನಲ್ಲಿ ಹೊರನಾಡಿಗೆ ಹೋಗುತ್ತೇನೆ, ಯಾವುದು ತರಿಸಲಿ, ಎಲ್ಲಿ ಹಾಕಲಿ ಅಂತ ಕೇಳಿದ್ದೆ. ಅದಕ್ಕೆ ಭಾವ ‘ಏನೂ ಬೇಡ, ಫೋನ್ ಜೇಬಿನಲ್ಲಿಟ್ಟುಕೋ, ದಾರಿ ಕೇಳಿಕೊಂಡು ಹೋಗು’ ಅಂದರು. ಎಲ್ಲರೂ ನಕ್ಕರು. ಭಾವಾ, ನಾನು ನಗಲಿಲ್ಲ. ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕನ್ನಡಿಯ ಹೋಲ್ಡರ್. ಅದನ್ನು ತರಿಸಬೇಡ. ನಾನು ಹಳೆ ಬೈಕಿಗೆ ಅದನ್ನೇ ಹಾಕಿಸಿದ್ದೆ. ಅಂಗಡಿಯವನು ‘ಬಂಡೆ ತರ ನಿಲ್ಲುತ್ತೆ ಸಾರ್’ ಅಂದಿದ್ದ. ಕನ್ನಡಿಯ ಕಂಬಿ ಅಂದರೆ ಗಾಳದ ಕೋಲಿದ್ದ ಹಾಗೆ, ಬುಡದಲ್ಲಿ ಸ್ವಲ್ಪ ಅಲುಗಿದರೆ ತುದಿಯಲ್ಲಿ ದುಪ್ಪಟ್ಟು ಅಲುಗುತ್ತದೆ. ಅದರ ಮೇಲೆ ಇನ್ನೂರು ಗ್ರಾಂ ಫೋನು, ಹೋಲ್ಡರಿನ ಭಾರ ಬೇರೆ. ಹಾಸನ ಮುಟ್ಟುವಷ್ಟರಲ್ಲಿ ಕನ್ನಡಿಯ ನಟ್ಟೇ ಸಡಿಲವಾಗಿ, ಕನ್ನಡಿ ನನಗೆ ಆಕಾಶ ತೋರಿಸುತ್ತಿತ್ತು. ಹಿಂದೆ ಬರುವ ಲಾರಿ ಕಾಣುವುದಿಲ್ಲ, ಮುಂದೆ ಮ್ಯಾಪೂ ನಡುಗುತ್ತಿದೆ. ಎರಡೂ ಹೋಯಿತು.

ಟ್ಯಾಂಕ್ ಬ್ಯಾಗು ನೋಡೋಕೆ ಚೆನ್ನಾಗಿದೆ, ಸಾಮಾನಿಗೂ ಆಗುತ್ತದೆ. ಆದರೆ ಅದರಲ್ಲಿ ಮ್ಯಾಪ್ ನೋಡಬೇಕಾದರೆ ಗದ್ದ ಎದೆಗೆ ತಾಗಬೇಕು. ಹೆಲ್ಮೆಟ್ ಹಾಕಿಕೊಂಡು ಒಮ್ಮೆ ತಲೆ ಬಗ್ಗಿಸಿ ನೋಡು, ರಸ್ತೆ ಪೂರ್ತಿ ಮಾಯ. ಲೆಕ್ಕ ಹಾಕು: ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಜಾಸ್ತಿ. ಎರಡು ಸೆಕೆಂಡು ಕೆಳಗೆ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಹೆಚ್ಚುಕಮ್ಮಿ ಮೂರು ಕೆಂಪು ಬಸ್ಸಿನ ಉದ್ದ. ನಮ್ಮ ರಸ್ತೆಯಲ್ಲಿ ಮೂರು ಬಸ್ಸಿನ ಉದ್ದದೊಳಗೆ ಒಂದು ಹಂಪು, ಒಂದು ಹಸು, ಒಂದು ಉಲ್ಟಾ ಬರುವ ಸ್ಕೂಟರು ಎಲ್ಲವೂ ಇರಬಹುದು.

ಪೌಚಿನ ಕಥೆ ಬೇರೆ. ಮಳೆಗೆ ಅಂತ ಎಲ್ಲರೂ ಅದನ್ನೇ ತಗೊಳ್ಳುತ್ತಾರೆ. ಬಿಸಿಲಿನಲ್ಲಿ ಅದರೊಳಗೆ ಫೋನ್ ಬೇಯುತ್ತದೆ. ಚಾರ್ಜಿಗೂ ಹಾಕಿದ್ದರಂತೂ ಮುಗಿಯಿತು. ಫೋನುಗಳನ್ನು ಸಾಮಾನ್ಯವಾಗಿ 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿ ಅಂತಲೇ ಹೇಳುತ್ತಾರೆ. ನೆಲಮಂಗಲ ದಾಟಿ ಮಧ್ಯಾಹ್ನ ಕುಣಿಗಲ್ ಕಡೆ ಹೋಗುವಾಗ ಪೌಚಿನೊಳಗೆ ಎಷ್ಟಿರುತ್ತದೆ ನೀನೇ ಯೋಚಿಸು. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ನಿಲ್ಲುತ್ತದೆ, ಆಮೇಲೆ ಫೋನೇ ‘ನನ್ನ ಕೈಲಾಗಲ್ಲ’ ಅಂತ ಮಲಗುತ್ತದೆ. ಮಳೆಯಲ್ಲಿ ಒಳಗೆ ಹಬೆ ಕಟ್ಟಿ ಏನೂ ಕಾಣುವುದಿಲ್ಲ.

ಹಾಗಂತ ಪೌಚು ಇಲ್ಲದೆ ಮಳೆಗೆ ಒಡ್ಡಿದರೆ ಏನಾಗುತ್ತದೆ ಅಂತ ನಿನ್ನ ಅಜ್ಜಿಯನ್ನು, ಅದೇ ನಮ್ಮಮ್ಮನನ್ನು ಕೇಳು. ಅಮ್ಮಾ, ನೆನಪಿದೆಯಾ? ಪರದೆಗೆ ಬೆರಳಿಗೂ ಮಳೆಹನಿಗೂ ಯಾವಾಗಲೂ ವ್ಯತ್ಯಾಸ ಗೊತ್ತಾಗುವುದಿಲ್ಲ ಪುಟ್ಟಾ. ಚಾರ್ಮಾಡಿ ಇಳಿಯುವಾಗ ಹನಿ ಬಿದ್ದೂ ಬಿದ್ದೂ ಮ್ಯಾಪ್ ತಾನೇ ದೊಡ್ಡದಾಯಿತು, ಚಿಕ್ಕದಾಯಿತು, ಮುಚ್ಚಿಕೊಂಡಿತು. ಕೊನೆಗೆ ಅಮ್ಮನಿಗೆ ಫೋನೇ ಮಾಡಿಬಿಟ್ಟಿತು. ನನಗೆ ಗೊತ್ತೇ ಇಲ್ಲ. ಈ ಕಡೆ ಅಮ್ಮನಿಗೆ ಐದು ನಿಮಿಷ ಮಳೆ ಸದ್ದು, ಲಾರಿ ಹಾರ್ನು, ನಡುವೆ ನಾನು ಯಾರಿಗೋ ಬೈಯುವುದು, ಇಷ್ಟೇ ಕೇಳಿಸಿದ್ದು. ಉಜಿರೆಯಲ್ಲಿ ನಿಲ್ಲಿಸಿ ನೋಡಿದರೆ ಇಪ್ಪತ್ತಮೂರು ಮಿಸ್ಡ್ ಕಾಲ್. ಧರ್ಮಸ್ಥಳಕ್ಕೆ ನನ್ನ ಹೆಸರಿನಲ್ಲಿ ಹರಕೆ ಬೇರೆ ಹೊತ್ತಾಗಿತ್ತು. ಹೇಗೂ ಪಕ್ಕದಲ್ಲೇ ಇದ್ದೆ, ಹೋಗಿ ತೀರಿಸಿ ಬಂದೆ.

ಸರಿ, ಎಲ್ಲಿ ಹಾಕಬೇಕು? ಹ್ಯಾಂಡಲ್ ಮೇಲೆ, ಅದನ್ನು ನಡುವೆ ಬೈಕಿಗೆ ಬಿಗಿದಿರುವ ಕ್ಲಾಂಪಿಗೆ ಹತ್ತಿರ, ಎಡಗಡೆ. ಯಾಕೆ ಎಡ ಅಂತ ಯಾರೂ ಹೇಳುವುದಿಲ್ಲ. ಬಲಗೈಯಲ್ಲಿ ಆಕ್ಸಿಲರೇಟರ್ ಇದೆ, ಮುಂದಿನ ಬ್ರೇಕ್ ಇದೆ. ಆ ಕೈ ಬಿಡೋ ಹಾಗೇ ಇಲ್ಲ. ಸಿಗ್ನಲ್‌ನಲ್ಲಿ ನಿಂತು ಪರದೆ ಮುಟ್ಟಬೇಕಾದರೆ ಮುಟ್ಟುವುದು ಎಡಗೈಯೇ. ಫೋನ್ ಬಲಗಡೆ ಇದ್ದರೆ ಎಡಗೈ ಮೀಟರ್ ದಾಟಿಕೊಂಡು ಹೋಗಬೇಕು. ಇನ್ನು ಕ್ಲಾಂಪಿಗೆ ಹತ್ತಿರ ಯಾಕೆ ಅಂದರೆ ಹ್ಯಾಂಡಲ್ ಅಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ತುದಿಗಿಂತ ಅದುರು ಕಡಿಮೆ. ಎತ್ತರ ಎಷ್ಟಿರಬೇಕು ಅಂದರೆ, ಕಣ್ಣು ಮಾತ್ರ ಇಳಿಯಬೇಕು, ತಲೆ ಬಗ್ಗಬಾರದು. ಅಷ್ಟಾದರೂ ಮೀಟರ್, ಇಂಡಿಕೇಟರ್ ದೀಪ, ಕೀ ಹಾಕುವ ಜಾಗ ಮುಚ್ಚಬಾರದು.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡು. ಮನೆಯಲ್ಲಿ ಯಾವುದಾದರೂ ಸ್ವೀಟ್ ಬಾಕ್ಸಿನ ರಟ್ಟು ಇರುತ್ತದಲ್ಲ, ಅದನ್ನು ಫೋನಿನ ಅಳತೆಗೆ ಕತ್ತರಿಸಿ ಆ ಜಾಗಕ್ಕೆ ಟೇಪ್ ಹಚ್ಚಿ ಅಂಟಿಸು. ಎರಡು ದಿನ ಆಫೀಸಿಗೆ ಹಾಗೇ ಹೋಗು. ಜನ ನೋಡುತ್ತಾರೆ, ನೋಡಲಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಟ್ಯಾಂಕಿಗೆ ತಾಗುತ್ತಾ, ಕ್ಲಚ್ ಕೇಬಲ್ ಒತ್ತುತ್ತಾ, ಹಾರ್ನ್ ಒತ್ತಲು ಹೆಬ್ಬೆರಳಿಗೆ ಅಡ್ಡ ಬರುತ್ತಾ, ಎಲ್ಲ ಗೊತ್ತಾಗುತ್ತದೆ. ಗ್ಲೌಸ್, ಜಾಕೆಟ್ ಎಲ್ಲ ಹಾಕಿಕೊಂಡು ನೋಡಬೇಕು. ಬರಿಗೈಯಲ್ಲಿ ಸರಿ ಕಂಡದ್ದು ಗ್ಲೌಸ್ ಹಾಕಿದರೆ ಸರಿ ಇರುವುದಿಲ್ಲ. ರಟ್ಟಿನ ಮೇಲೆ ಒಂದು ಚೂರು ಬೆಳ್ಳಿ ಕಾಗದ ಅಂಟಿಸಿದರೆ ಸಂಜೆ ಬಿಸಿಲು ಯಾವ ಓರೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ ಅನ್ನುವುದೂ ತಿಳಿಯುತ್ತದೆ. ಈ ಉಪಾಯ ನನ್ನದೇ, ಪೇಟೆಂಟ್ ಇಲ್ಲ.

ಆಮೇಲೆ ಹ್ಯಾಂಡಲ್ ದಪ್ಪ ಅಳೆದುಕೋ. ಮಾಮೂಲಿ ಹ್ಯಾಂಡಲ್ ಸುಮಾರು 22 ಮಿ.ಮೀ. ಇರುತ್ತದೆ, ದಪ್ಪನೆಯವು 28 ಚಿಲ್ಲರೆ. ಅಳತೆ ಉಪಕರಣ ಇಲ್ಲದಿದ್ದರೆ ದಾರ ಸುತ್ತಿ ನೋಡು: ಒಂದು ಸುತ್ತಿಗೆ 7 ಸೆಂ.ಮೀ. ಹತ್ತಿರ ಬಂದರೆ 22, 9ರ ಹತ್ತಿರ ಬಂದರೆ 28. ಹ್ಯಾಂಡಲ್‌ಗೆ ಬಿಗಿಯುವ ಫೋನ್ ಹೋಲ್ಡರ್ ತಗೋ, ಅದರ ಕ್ಲಾಂಪು ಲೋಹದ್ದೇ ಇರಲಿ. ಒಳಗೆ ಹಳೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿ ಬಿಗಿ ಮಾಡು, ಜಾರುವುದಿಲ್ಲ, ಹ್ಯಾಂಡಲ್ ಗೀಚುವುದೂ ಇಲ್ಲ. ಫೋನ್ ಹಿಡಿಯುವ ಭಾಗಕ್ಕೆ ನಾಲ್ಕು ಮೂಲೆಯಲ್ಲೂ ಹಿಡಿತ ಇರಬೇಕು, ಸ್ಪ್ರಿಂಗನ್ನೊಂದೇ ನಂಬಬೇಡ. ಜೊತೆಗೆ ಒಂದು ದಾರ ಫೋನಿನ ಕವರಿಗೂ ಹ್ಯಾಂಡಲ್‌ಗೂ. ನಮ್ಮ ಹಂಪುಗಳಿಗೆ ಕ್ಲಾಂಪು ಹೆದರುತ್ತದೆ, ದಾರ ಹೆದರುವುದಿಲ್ಲ.

ಈಗ ಮುಖ್ಯವಾದ್ದು. ನಿನ್ನ ಹೊಸ ಫೋನನ್ನು ಬೈಕಿಗೆ ಕಟ್ಟಬೇಡ. ಇದು ಜಿಪುಣತನದ ಮಾತಲ್ಲ. ಈಗಿನ ಒಳ್ಳೆ ಕ್ಯಾಮೆರಾಗಳಲ್ಲಿ ಲೆನ್ಸ್ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಅಯಸ್ಕಾಂತದ ಬಲದಲ್ಲಿ ತೂಗಾಡುತ್ತಿರುತ್ತದೆ. ನಿನ್ನ ಕೈ ನಡುಗಿದರೆ ಲೆನ್ಸ್ ಆ ಕಡೆ ಈ ಕಡೆ ಸರಿದು ಫೋಟೊ ಅಲುಗದ ಹಾಗೆ ನೋಡಿಕೊಳ್ಳುತ್ತದೆ. ಕೈ ನಡುಕಕ್ಕೆ ಮಾಡಿದ್ದು ಅದು, ಇಂಜಿನ್ ನಡುಕಕ್ಕಲ್ಲ. 3000 ಆರ್‌ಪಿಎಂ ಅಂದರೆ ಇಂಜಿನ್ ಸೆಕೆಂಡಿಗೆ 50 ಸುತ್ತು. ಅಷ್ಟೂ ಸಲ ಆ ಲೆನ್ಸಿಗೆ ಪೆಟ್ಟು. ಆಪಲ್ ಕಂಪನಿಯವರೇ 2021ರ ಸೆಪ್ಟೆಂಬರಿನಲ್ಲಿ ಇದನ್ನು ಬರೆದು ಹೇಳಿದರು: ದೊಡ್ಡ ಇಂಜಿನ್ ಬೈಕಿಗೆ ಫೋನ್ ಕಟ್ಟಬೇಡಿ, ಸ್ಕೂಟರಿಗಾದರೂ ಅದುರು ತಡೆಯುವ ರಬ್ಬರಿನ ಮೌಂಟ್ ಹಾಕಿ ಅಂತ. ನಿನ್ನ ಕ್ಲಾಸಿಕ್‌ನ ಹೊಸ ಇಂಜಿನಿನಲ್ಲಿ ಅದುರು ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದೆ, ಹಳೆ ಬುಲೆಟ್ಟಿನಷ್ಟು ಅದುರುವುದಿಲ್ಲ, ಒಪ್ಪಿದೆ. ಆದರೂ ಅದು ಸಿಂಗಲ್ ಸಿಲಿಂಡರೇ, ಅದುರು ಇದ್ದೇ ಇರುತ್ತದೆ. ನನ್ನ ಒಂದು ಫೋನಿನ ಕ್ಯಾಮೆರಾ ಹೀಗೇ ಹೋಯಿತು. ಬೇರೆ ಕಂಪನಿಯದು, ಹೆಸರು ಬೇಡ. ಆಮೇಲೆ ಯಾವ ಫೋಟೊ ತೆಗೆದರೂ ನೀರಿನೊಳಗಿಂದ ತೆಗೆದ ಹಾಗೆ. ನಿನ್ನ ಅತ್ತೆಯ ಸೀಮಂತದ ಫೋಟೊಗಳಲ್ಲಿ ಯಾರು ಯಾರು ಅಂತ ಇವತ್ತಿಗೂ ಜಗಳ ಇದೆ.

ಅದಕ್ಕೆ ಹಳೆ ಫೋನ್ ಕಟ್ಟು. ಸಿಮ್ ಬೇಡ. ಜಿಪಿಎಸ್‌ಗೆ ಸಿಮ್ಮೂ ಬೇಡ, ಇಂಟರ್‌ನೆಟ್ಟೂ ಬೇಡ, ಆಕಾಶ ಕಂಡರೆ ಸಾಕು. ಮೊದಲ ಸಲ ಜಾಗ ಹಿಡಿಯಲು ಸ್ವಲ್ಪ ಹೊತ್ತು ಜಾಸ್ತಿ ಬೇಕು, ಅಷ್ಟೇ. ಮನೆಯ ವೈಫೈಯಲ್ಲೇ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮ್ಯಾಪ್ ಡೌನ್‌ಲೋಡ್ ಮಾಡಿಕೋ. ಇದನ್ನು ಮಾತ್ರ ಮರೆಯಬೇಡ. ನಾನು ಮರೆತು, ಮೂಡಿಗೆರೆ ದಾಟಿದ ಮೇಲೆ ನೆಟ್‌ವರ್ಕ್ ಹೋಗಿ, ಯಾವುದೋ ಕಾಫಿ ತೋಟದ ಗೇಟಿನ ಮುಂದೆ ನಿಂತಿದ್ದೆ. ನಾಯಿ ಬೊಗಳುತ್ತಿತ್ತು. ತೋಟದವರು ಬಂದು ಬೈಯುತ್ತಾರೆ ಅಂದುಕೊಂಡರೆ ಕಾಫಿ ಕೊಟ್ಟು ಕಳಿಸಿದರು, ಅದು ನನ್ನ ಪುಣ್ಯ.

ಬೈಕಿಗೆ ಅಂತಲೇ ಮಾಡಿದ ಜಿಪಿಎಸ್ ತಗೊಳ್ಳಲಾ ಅಂತಲೂ ನೀನು ಕೇಳಿದ್ದೆ, ಗಾರ್ಮಿನ್ ಜೂಮೊ ತರಹದ್ದು. ನೀರಿಗೆ ಹೆದರುವುದಿಲ್ಲ, ಬಿಸಿಲಿನಲ್ಲೂ ಚೆನ್ನಾಗಿ ಕಾಣುತ್ತದೆ, ಗ್ಲೌಸಿನಲ್ಲೇ ಒತ್ತಬಹುದು. ಲಡಾಖ್‌ಗೋ ಸ್ಪಿತಿಗೋ ತಿಂಗಳುಗಟ್ಟಲೆ ಹೋಗುವವರಿಗೆ ಸರಿ. ವರ್ಷಕ್ಕೆರಡು ಸಲ ಮಲೆನಾಡಿಗೆ ಹೋಗಲು ಒಂದು ಒಳ್ಳೆ ಫೋನಿನಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಚಾರ್ಜಿಂಗಿಗೂ ನೀನು ತಲೆ ಕೆಡಿಸಿಕೊಳ್ಳಬೇಡ. ನಿನ್ನ ಬೈಕಿನಲ್ಲಿ ಕ್ಲಚ್ ಲಿವರಿನ ಕೆಳಗೇ ಯುಎಸ್‌ಬಿ ಪಾಯಿಂಟ್ ಇದೆ. ಎಡಗಡೆ ಫೋನ್ ಇದ್ದರೆ ಗೇಣುದ್ದದ ಕೇಬಲ್ ಸಾಕು. ಮಳೆ ಬಂದರೆ ಕೇಬಲ್ ತೆಗೆದು ಮುಚ್ಚಳ ಹಾಕು.

ಈಗ ಭಾವನ ಮಾತಿಗೆ ಬರುತ್ತೇನೆ. ಮ್ಯಾಪ್ ಕಿವಿಗೆ ಪುಟ್ಟಾ. ಕಣ್ಣಿಗೆ ಬೇಕಾಗುವುದು ಬಾಣದ ಗುರುತು, ಎಷ್ಟು ದೂರಕ್ಕೆ ತಿರುಗಬೇಕು ಅನ್ನುವುದು, ಇಷ್ಟೇ. 2020ರಲ್ಲಿ ರಾಯಲ್ ಎನ್‌ಫೀಲ್ಡ್‌ನವರು ಮೀಟಿಯರ್ 350 ತಂದಾಗ ಮೀಟರಿನ ಪಕ್ಕ ಟ್ರಿಪ್ಪರ್ ಅಂತ ಒಂದು ಗುಂಡನೆಯ ಪುಟ್ಟ ಪರದೆ ಇಟ್ಟಿದ್ದರಲ್ಲ, ಅದರಲ್ಲಿ ಮ್ಯಾಪೇ ಇರಲಿಲ್ಲ, ಬರೀ ಬಾಣ ಮತ್ತು ದೂರ. ತುಂಬಾ ಜನ ನಕ್ಕರು. ನನಗೆ ಅದೇ ಸರಿ ಅನ್ನಿಸಿತು. ಹೆಲ್ಮೆಟ್ಟಿನೊಳಗೆ ಒಂದು ಬ್ಲೂಟೂತ್ ಸ್ಪೀಕರ್ ಹಾಕಿಸು. ಎರಡೂ ಕಿವಿಗೆ ಇಯರ್‌ಬಡ್ ತುರುಕಿಕೊಂಡು ಹೋಗಬೇಡ, ಹಿಂದಿನ ಹಾರ್ನ್ ಕೇಳಿಸಬೇಕು. ಗೂಗಲ್ ಮ್ಯಾಪ್ಸ್ 2018ರಿಂದಲೇ ಕನ್ನಡದಲ್ಲಿ ದಾರಿ ಹೇಳುತ್ತದೆ. ಮೊದಲ ದಿನ ಕೇಳಲು ತಮಾಷೆ ಅನ್ನಿಸುತ್ತದೆ, ಎರಡನೇ ದಿನ ಅಭ್ಯಾಸವಾಗುತ್ತದೆ. ಕಿವಿಗೆ ಮ್ಯಾಪ್ ಬಂದ ಮೇಲೆ ಜೋರು ಮಳೆಯಲ್ಲಿ ಪರದೆಯನ್ನು ಬಿಚ್ಚಿ ಜಾಕೆಟ್ಟಿನೊಳಗೆ ಇಟ್ಟುಕೊಂಡರೂ ದಾರಿ ತಪ್ಪುವುದಿಲ್ಲ. ನೋಡಿ ಭಾವಾ, ಕೊನೆಗೆ ಫೋನ್ ಜೇಬಿಗೇ ಬಂತು.

ಪೊಲೀಸರು ಹಿಡಿಯುತ್ತಾರೆ ಅಂತ ಅಕ್ಕ ಬರೆದಿದ್ದಾಳೆ. 2020ರ ಅಕ್ಟೋಬರ್ 1ರಿಂದ ಕೇಂದ್ರದ ಮೋಟಾರು ವಾಹನ ನಿಯಮದಲ್ಲಿ ದಾರಿ ನೋಡಲು ಮಾತ್ರ ಫೋನ್ ಬಳಸಬಹುದು ಅಂತ ಇದೆ ಅಕ್ಕಾ, ಗಮನ ಕದಲದ ಹಾಗೆ ಬಳಸಬೇಕು, ಅದು ಷರತ್ತು. ಕೈಯಲ್ಲಿ ಹಿಡಿದು ಮಾತಾಡಿದರೆ ಹಿಡಿಯುತ್ತಾರೆ, ಹಿಡಿಯಲಿ.

ಇನ್ನೊಂದು, ಹಾಸನದವರೆಗೆ ಮ್ಯಾಪ್ ಆನ್ ಮಾಡಲೇಬೇಡ. ಒಂದೇ ಹೈವೇ, ಬೋರ್ಡುಗಳು ಮನೆಗಾತ್ರ ಇವೆ. ಬೇಲೂರು ಬಿಟ್ಟ ಮೇಲೆ ಆನ್ ಮಾಡು. ಕೊಟ್ಟಿಗೆಹಾರದಲ್ಲಿ ಒಂದು ದಾರಿ ಚಾರ್ಮಾಡಿಗೆ, ಒಂದು ಕಳಸಕ್ಕೆ. ಅಲ್ಲಿ ಹೇಗೂ ನೀರ್‌ದೋಸೆಗೆ ನಿಲ್ಲುತ್ತೀಯ. ಮ್ಯಾಪ್ ನೋಡುವುದಿದ್ದರೆ ದೋಸೆ ಬರುವವರೆಗೆ ನೋಡು. ಒಳಗೆ ಹೋಗುವಾಗ ಫೋನ್ ಬಿಚ್ಚಿಕೊಂಡು ಹೋಗು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಶನಿವಾರ ಬೈಕ್ ತಗೊಂಡು ಮನೆಗೆ ಬಾ. ಅಲೆನ್ ಕೀ ಸೆಟ್ಟು, ಟ್ಯೂಬಿನ ತುಂಡು ನನ್ನ ಹತ್ತಿರ ಇದೆ. ರಟ್ಟು ನೀನು ತಾ. ಅಮ್ಮಾ, ನಿನ್ನ ಹಳೆ ಫೋನು, ಆ ಮೂಲೆ ಒಡೆದದ್ದು, ಬೀರುವಿನಲ್ಲಿದೆಯಲ್ಲ, ಅದನ್ನು ಇವತ್ತೇ ಚಾರ್ಜಿಗೆ ಹಾಕಿಡು. ಅದರೊಳಗಿನ ನಿನ್ನ ಭಜನೆಗಳನ್ನು ಅಳಿಸುವುದಿಲ್ಲ, ಪುಟ್ಟನೂ ಕಳಸದ ತನಕ ಕೇಳಿಕೊಂಡು ಹೋಗಲಿ.