ಗಾಳಿ ಇಳಿದಿದೆ, ಮಳೆ ನಿಂತಿಲ್ಲ: ನೆರೆ ಕಂಡವರು ಹೇಳಿ

ಪ್ರಶ್ನೆ: ಚಂಡಮಾರುತದ ಬಲ ಕುಗ್ಗಿದೆಯಂತೆ. ಆದರೆ ಎರಡು ಮೂರು ದಿನ ಇಲ್ಲೇ ಸುತ್ತಾಡುತ್ತದಂತೆ. ನಮ್ಮದು ತಗ್ಗಿನ ಜಾಗ, ನೆಲಮಹಡಿ ಮನೆ. ಅಮ್ಮನಿಗೆ ಮೆಟ್ಟಿಲು ಹತ್ತೋದು ಕಷ್ಟ. ಗಾಳಿ ಇಲ್ಲವಲ್ಲ ಅಂತ ಇಲ್ಲೇ ಇರಬಹುದಾ?

— ಬೇಡ. ಬೆಳಕಿರುವಾಗಲೇ ಅಮ್ಮನನ್ನು ಕರೆದುಕೊಂಡು ಹೊರಡಿ. ಚಂಡಮಾರುತಕ್ಕೆ ಕೊಡುವ ಕೆಟಗರಿ ನಂಬರ್ ಇದೆಯಲ್ಲ, ಅದು ಬರೀ ಗಾಳಿಯ ಲೆಕ್ಕ. ಮಳೆ ಅದರಲ್ಲಿ ಬರುವುದೇ ಇಲ್ಲ. ನಿಧಾನಕ್ಕೆ ಸರಿಯುವ ಚಂಡಮಾರುತ ಸಮುದ್ರದ ತೇವ ಎಳೆದು ತಂದು ಒಂದೇ ಜಾಗಕ್ಕೆ ಸುರಿಯುತ್ತಿರುತ್ತದೆ. 2017ರಲ್ಲಿ ಅಮೆರಿಕದ ಟೆಕ್ಸಾಸ್‌ನ ದಡ ಮುಟ್ಟಿದ ಹಾರ್ವಿ ಚಂಡಮಾರುತ ಮರುದಿನವೇ ಗಾಳಿಯ ಬಲ ಕಳೆದುಕೊಂಡಿತು, ಆದರೆ ದಿನಗಟ್ಟಲೆ ಅಲ್ಲೇ ಠಿಕಾಣಿ ಹೂಡಿತು. ಕೆಲವು ಕಡೆ 1,500 ಮಿ.ಮೀ. ದಾಟಿ ಮಳೆ! 2001ರ ಆಲಿಸನ್ ಅಂತೂ ಹರಿಕೇನ್, ಅಂದರೆ ತೀವ್ರ ಚಂಡಮಾರುತದ ಮಟ್ಟಕ್ಕೆ ಏರಲೇ ಇಲ್ಲ, ಆದರೂ ಟೆಕ್ಸಾಸ್‌ನ ಹ್ಯೂಸ್ಟನ್ ನಗರ ಮುಳುಗಿತು. ಗಾಳಿಯ ವೇಗ ಬಿಡಿ, ಚಂಡಮಾರುತ ಗಂಟೆಗೆ ಎಷ್ಟು ಕಿಲೋಮೀಟರ್ ಸರಿಯುತ್ತಿದೆ ಅಂತ ನೋಡಿ.

— ಎಲ್ಲರೂ ಬಾಗಿಲಿಗೆ ಮರಳಿನ ಚೀಲ ಒಡ್ಡುತ್ತಾರೆ. ನಮ್ಮ ಮನೆಗೆ ನೀರು ಮೊದಲು ಬಂದದ್ದು ಬಾತ್‌ರೂಮಿನ ಜಾಲರಿಯಿಂದ. ಗುಳುಗುಳು ಸದ್ದು, ಆಮೇಲೆ ಕಪ್ಪು ನೀರು, ಗಬ್ಬು ವಾಸನೆ. ಹಳೇ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜಾಲರಿಗೆ ತುರುಕಿ, ಮೇಲೆ ಭಾರ ಇಡಿ. ಕಮೋಡಿಗೂ ಅಷ್ಟೇ. ಹೊರಡುವ ಮುಂಚೆ, ನೆಲ ಒಣಗಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ. ನೀರಲ್ಲಿ ನಿಂತು ಅದನ್ನು ಮುಟ್ಟಲೇಬೇಡಿ. ಮತ್ತೆ ಫ್ರಿಜ್ ಭಾರ ಇದೆ ಅಂದುಕೊಳ್ಳಬೇಡಿ. ಅದು ತೇಲುತ್ತದೆ, ಬಾಗಿಲಿಗೆ ಅಡ್ಡ ಬಿದ್ದರೆ ಒಳಗೆ ಹೋಗುವುದಕ್ಕೇ ಆಗುವುದಿಲ್ಲ.

— ಮಳೆ ನಿಂತ ತಕ್ಷಣ ವಾಪಸ್ ಬರಬೇಡಿ, ಇದನ್ನು ಯಾರೂ ಹೇಳಲಿಲ್ಲ. ಹಾರ್ವಿ ಸಮಯದಲ್ಲಿ ಹ್ಯೂಸ್ಟನ್‌ನ ಆಡಿಕ್ಸ್, ಬಾರ್ಕರ್ ಜಲಾಶಯಗಳಿಂದ ನೀರು ಬಿಟ್ಟಾಗ ಕೆಳಗಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಮೇಲ್ಭಾಗದಲ್ಲಿ ಡ್ಯಾಮ್ ಇದ್ದರೆ ಅದರ ಸುದ್ದಿ ಕೇಳುತ್ತಿರಿ.

— ಕಾರಲ್ಲಿ ಹೋಗುವುದಾದರೆ ಈಗಲೇ ಹೋಗಿ. ಒಂದಡಿ ಹರಿಯುವ ನೀರು ಸಾಕು, ಸಣ್ಣ ಕಾರು ತೇಲುತ್ತದೆ. ಎರಡಡಿ ಆದರೆ ಜೀಪನ್ನೂ ಎಳೆದೊಯ್ಯುತ್ತದೆ. ದೊಡ್ಡ ಗಾಡಿ ಇದೆ ಅನ್ನುವ ಧೈರ್ಯವೇ ಜಾಸ್ತಿ ಜನರನ್ನು ಸಿಕ್ಕಿಸುತ್ತದೆ ಅಂತ ನನ್ನ ಅನಿಸಿಕೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸಂಜೆಯೊಳಗೆ ಅಕ್ಕನ ಮನೆಗೆ ಹೊರಡುತ್ತೇವೆ, ಅದು ಎತ್ತರದಲ್ಲಿದೆ. ಅಮ್ಮನ ಇನ್ಸುಲಿನ್ ಹೇಗೆ ಒಯ್ಯಲಿ?

— ಅಗಲ ಬಾಯಿಯ ಫ್ಲಾಸ್ಕ್‌ನಲ್ಲಿ ಇಡಿ. ಐಸ್ ಹಾಕಿದರೆ ನೇರವಾಗಿ ತಾಗದಂತೆ ಟವೆಲ್ ಸುತ್ತಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಔಷಧಿ ಚೀಟಿಯ ಫೋಟೋ ಇಬ್ಬರ ಫೋನಲ್ಲೂ ಇರಲಿ.