397 ಅವಿಭಾಜ್ಯ ಅಂತ ಹೇಳಲು ಎಲ್ಲಿಯವರೆಗೆ ಭಾಗಿಸಬೇಕು?

ಶಿರಸಿ ತೋಟದಮನೆ:
ತಂಗಿ ಈ ಸಲ ಎಸ್ಸೆಸ್ಸೆಲ್ಸಿ. 397 ಅವಿಭಾಜ್ಯ ಸಂಖ್ಯೆ ಹೌದಾ ಅಲ್ವಾ ಅಂತ ನೋಡಲು ನಿನ್ನೆ ರಾತ್ರಿ 2, 3, 4, 5 ಅಂತ ಒಂದೊಂದರಿಂದಲೇ ಭಾಗಿಸುತ್ತಾ ಕೂತಿದ್ದಳು, ಎರಡು ಪುಟ ತುಂಬಿ 60ರ ಹತ್ತಿರ ಬರುವಾಗ ಕಣ್ಣಲ್ಲಿ ನೀರು. ಅರ್ಧದವರೆಗೆ, ಅಂದರೆ 198ರವರೆಗೆ ನೋಡಿದರೆ ಸಾಕು ಅಂದೆ. ಅದೂ ಜಾಸ್ತಿಯೇ. ಎಲ್ಲಿ ನಿಲ್ಲಿಸಬೇಕು? ಇನ್ನೊಂದು, 360ನ್ನು ಅವಳು 36×10 ಅಂತ ಒಡೆದಳು, ಅವಳ ಗೆಳತಿ 18×20 ಅಂತ. ಇಬ್ಬರಿಗೂ ಕೊನೆಗೆ ಒಂದೇ ಉತ್ತರ ಬರಲೇಬೇಕಾ?

ಕುಮಟಾ ಗಣಿತ ಮೇಷ್ಟ್ರು:
19ಕ್ಕೆ ನಿಲ್ಲಿಸಿ. 20×20 ಅಂದರೆ 400, 397 ಅದಕ್ಕಿಂತ ಕಡಿಮೆ, ಅಷ್ಟೇ ಲೆಕ್ಕ.

ಯಾಕೆ ಅಂತ ತಂಗಿಗೆ ಕೈಯಲ್ಲೇ ತೋರಿಸಿ. 36 ಚಾಲಿ ಅಡಿಕೆ ಎಣಿಸಿ ಜಗಲಿ ಮೇಲೆ ಸಾಲಾಗಿ ಇಡಲಿ. ಎರಡು ಸಾಲು ಮಾಡಿದರೆ ಸಾಲಿಗೆ 18, ಮೂರಾದರೆ 12, ನಾಲ್ಕಾದರೆ 9, ಆರಾದರೆ 6. ಮುಂದೆ ಒಂಬತ್ತು ಸಾಲು ಮಾಡಿದರೆ ಸಾಲಿಗೆ 4, ಅದು ಆಗಲೇ ಇಟ್ಟಿದ್ದನ್ನೇ ಅಡ್ಡ ನಿಂತು ನೋಡಿದ ಹಾಗೆ. ದೊಡ್ಡ ಅಪವರ್ತನ ಇದ್ದರೆ ಅದರ ಜೋಡಿ ಚಿಕ್ಕದು ಇದ್ದೇ ಇರುತ್ತದೆ, ಆ ಚಿಕ್ಕದು ವರ್ಗಮೂಲ ದಾಟುವುದಿಲ್ಲ. 4, 6, 9ರಿಂದ ಭಾಗಿಸುವುದೂ ಬೇಡ, 2 ಮತ್ತು 3 ನೋಡಿದ ಮೇಲೆ ಅವು ಮುಗಿದವು. ಉಳಿಯುವುದು 2, 3, 5, 7, 11, 13, 17, 19. ಎಂಟೇ ಭಾಗಾಕಾರ. 11ರಲ್ಲಿ ಶೇಷ 1, 19ರಲ್ಲಿ 17, ಯಾವುದರಲ್ಲೂ ಸೊನ್ನೆ ಬರುವುದಿಲ್ಲ. 397 ಅವಿಭಾಜ್ಯವೇ.

91 ನೋಡಿದ ಕೂಡಲೇ ಅವಿಭಾಜ್ಯ ಅಂತ ಬರೆದುಬಿಡುವ ಮಕ್ಕಳು ತುಂಬಾ ಜನ. ಅದು 7×13. ಅವಳಿಗೆ ಈಗಲೇ ಹೇಳಿಡಿ.

ಕಾರವಾರದವಳು:
ಎರಡನೇ ಪ್ರಶ್ನೆಗೆ: ಬರಲೇಬೇಕು. ಯಾವ ದಾರಿಯಲ್ಲಿ ಹೋದರೂ 360 ಅಂದರೆ ಮೂರು 2, ಎರಡು 3, ಒಂದು 5. 1ಕ್ಕಿಂತ ದೊಡ್ಡದಾದ ಯಾವ ಪೂರ್ಣ ಸಂಖ್ಯೆಗೂ ಇದು ಸತ್ಯ, 1801ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಇದನ್ನು ಪೂರ್ತಿ ಸಾಧಿಸಿ ತೋರಿಸಿದರು, ಪಠ್ಯದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಅಂತ ಇರುವುದು ಅದೇ. 1 ಯಾಕೆ ಅವಿಭಾಜ್ಯ ಅಲ್ಲ ಅನ್ನುವುದೂ ಇಲ್ಲೇ ತಿಳಿಯುತ್ತದೆ. ಅದನ್ನೂ ಸೇರಿಸಿದರೆ ಹಿಂದೆ ಎಷ್ಟು 1 ಬೇಕಾದರೂ ಹಾಕುತ್ತಾ ಹೋಗಬಹುದು, ಆಗ ಉತ್ತರ ಒಂದೇ ಅನ್ನುವ ಮಾತೇ ಉಳಿಯುವುದಿಲ್ಲ ಅಲ್ವಾ?

ಸಂಖ್ಯೆ ತುಂಬಾ ದೊಡ್ಡದಾದರೆ ವರ್ಗಮೂಲದವರೆಗೆ ಭಾಗಿಸುತ್ತಾ ಹೋಗುವುದು ಕಂಪ್ಯೂಟರಿಗೂ ಆಗದ ಕೆಲಸ. 1977ರಲ್ಲಿ ಸವಾಲಾಗಿ ಕೊಟ್ಟ 129 ಅಂಕಿಯ ಒಂದು ಸಂಖ್ಯೆಯನ್ನು ಬೇರೆ ಉಪಾಯದಿಂದ ಒಡೆಯುವಾಗಲೇ 1994 ಬಂದಿತ್ತು. ಅದೂ ಬರೀ ಎರಡು ಅವಿಭಾಜ್ಯಗಳ ಗುಣಲಬ್ಧ!

ಶಿರಸಿ ತೋಟದಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಡಿಕೆ ಇಟ್ಟು ತೋರಿಸಿದೆ, ಒಂದೇ ಸಲಕ್ಕೆ ಹಿಡಿದುಕೊಂಡಳು. ಆಮೇಲೆ 391 ಕೊಟ್ಟೆ, 17ಕ್ಕೆ ಬಂದು 17×23 ಅಂತ ಅವಳೇ ಒಡೆದಳು. ಅಂಗಳದಲ್ಲಿ ಅಪ್ಪಯ್ಯ 223 ಅಡಿಕೆ ಸಸಿ ಇಟ್ಟಿದ್ದಾರೆ, ಸಾಲು ಸಮ ಮಾಡಲು ನೋಡುತ್ತಿದ್ದರು. ಇವಳು 13ರವರೆಗೆ ಭಾಗಿಸಿ ನೋಡಿ, ಎರಡು ಸಸಿ ತೆಗೆದು ಬದಿಗಿಡಿ ಅಪ್ಪಯ್ಯಾ, 13 ಸಾಲು ಆಗುತ್ತದೆ, ಸಾಲಿಗೆ 17 ಅಂದಳು.